ಗಡಿಗೆಪ್ಪ ಕಟ್ಟಿದ ಡಿಸ್ಕಿನ ಜೋಡಿ

ದೇವದುರ್ಗದ ದನದ ಸಂತೆಯಲ್ಲಿ ನಲವತ್ತೈದು ವರ್ಷ ದಲ್ಲಾಳಿಯಾಗಿದ್ದ ಗಡಿಗೆಪ್ಪನಿಗೆ ತನ್ನ ಕಣ್ಣಿನ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ದೇವರು ಆಗೀಗ ತಪ್ಪುತ್ತಾನೆ, ಮಳೆ ತಡ ಮಾಡುತ್ತಾನೆ. ಗಡಿಗೆಪ್ಪನ ಕಣ್ಣು ತಪ್ಪಿದ್ದಿಲ್ಲ. ಹೀಗಂತ ಊರು ಹೇಳುತ್ತಿತ್ತೋ ಇಲ್ಲವೋ, ಗಡಿಗೆಪ್ಪ ಮಾತ್ರ ಹೇಳುತ್ತಿದ್ದ. ಎತ್ತಿನ ಹಲ್ಲು ನೋಡಿ ವಯಸ್ಸು, ನಡಿಗೆ ನೋಡಿ ಗುಣ, ಸುಳಿ ನೋಡಿ ಮನೆಗೆ ಬರುವ ಭಾಗ್ಯ, ಮೂರನ್ನೂ ಒಂದು ಬೀಡಿ ಮುಗಿಯುವುದರೊಳಗೆ ಹೇಳಿಬಿಡುತ್ತಿದ್ದ. ಅದಕ್ಕಿಂತ ಹೆಚ್ಚಿನ ಹೆಸರು ಬಂದದ್ದು ಜೋಡಿ ಕಟ್ಟುವುದರಲ್ಲಿ. ಎತ್ತರ, ಬಣ್ಣ, ಕೋಡಿನ ಬಾಗು, ಹೆಜ್ಜೆಯ ಅಳತೆ ಎಲ್ಲ ಒಂದೇ ಆಗಿರುವ ಎರಡು ಎತ್ತುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಒಂದೇ ನೊಗಕ್ಕೆ ಹೂಡಿ ತೋರಿಸುತ್ತಿದ್ದ. ಈಗ ಟ್ರ್ಯಾಕ್ಟರು ಬಂದು ಸಂತೆ ಅರ್ಧಕ್ಕರ್ಧ ಬರಿದಾಗಿದೆ, ಗಡಿಗೆಪ್ಪನಿಗೂ ಎಪ್ಪತ್ತನಾಲ್ಕು ತುಂಬಿದೆ. ಹೆಗಲ ಮೇಲಿನ ಟವೆಲ್ಲು ಮತ್ತು ಬಾಯಿ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ಮಗ ಮಲ್ಲೇಶ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಸೊಸೆ ಶೈಲಶ್ರೀ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅದನ್ನು ಕತ್ತರಿಸಿ ಜೋಡಿಸುತ್ತಾಳೆ. ಮನೆ ನಡೆಯುವುದು ಅವಳ ಬೆರಳಿನಿಂದ ಎಂಬುದು ಎಲ್ಲರಿಗೂ ಗೊತ್ತು, ಗಡಿಗೆಪ್ಪನಿಗೂ. ಅವಳು ಅಚ್ಚು ಹಾಕಿಸಿದ ಕಾರ್ಡಿನ ಕೆಳಗೆ ಒಂದು ಸಾಲು ಇರುತ್ತದೆ: ‘ನಿಮ್ಮ ಮದುವೆ ಹತ್ತು ವರ್ಷ ನಮ್ಮ ಮನೆಯಲ್ಲಿ ಜೋಪಾನ.’ ಜನ ಆಲ್ಬಮ್ಮನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ, ಪೆನ್‌ಡ್ರೈವನ್ನು ಮಾತ್ರ ವರ್ಷದೊಳಗೆ ಕಳೆಯುತ್ತಾರೆ. ಆಮೇಲೆ ಮಗುವಿನ ತೊಟ್ಟಿಲ ಶಾಸ್ತ್ರದಲ್ಲಿ ತೋರಿಸಬೇಕು ಅಂತ ಶೈಲಶ್ರೀಯ ಬಾಗಿಲಿಗೆ ಬರುತ್ತಾರೆ. ಅವಳ ಬಳಿ ಚಿಕ್ಕ ಚಿಕ್ಕ ಹಾರ್ಡ್ ಡಿಸ್ಕುಗಳು ಹತ್ತೊಂಬತ್ತಿದ್ದವು, ಶೇಂಗಾ ಉಂಡಿ ಇಡುತ್ತಿದ್ದ ಸ್ಟೀಲ್ ಡಬ್ಬಿಯಲ್ಲಿ. ದಸರಾ ಹೊತ್ತಿಗೆ ಅದರಲ್ಲೊಂದು ಕಟಕಟ ಎಂದು ಸತ್ತುಹೋಯಿತು. ಅದರೊಳಗಿದ್ದ ಮದುವೆ ಪುಣ್ಯಕ್ಕೆ ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೂ ಉಳಿದಿತ್ತು. ಆದರೂ ಶೈಲಶ್ರೀ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅವಳೊಂದು ನಿರ್ಧಾರ ಮಾಡಿಕೊಂಡು ಎದ್ದಳು.

“ಒಂದ ಡಬ್ಬಿ ತರೂಣ್ರಿ ಮಾವಾರ. ನ್ಯಾಸ್ ಅಂತಾರ. ವೈಫೈ ಡಬ್ಬಿಗೆ ತಂತಿ ಹಾಕಿ ಕಟ್ಟಿದ್ರ ನನ್ನ ಕಂಪ್ಯೂಟರಿಗೂ ಕಾಣ್ತದ, ಇವರ ಲ್ಯಾಪ್‌ಟಾಪಿಗೂ ಕಾಣ್ತದ. ಒಳಗ ದೊಡ್ಡೂವು ಎರಡು ಡಿಸ್ಕ್ ಹಾಕಬೇಕು. ಒಂದರಾಗ ಬರದದ್ದ ಇನ್ನೊಂದರಾಗೂ ಬರೀತದ. ಒಂದು ಹೋದ್ರ ಇನ್ನೊಂದು ಇರ್ತದ. ಜೋಡಿ ಇದ್ದಂಗ.”

ಜೋಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ಗಡಿಗೆಪ್ಪ ಹಾಸಿಗೆಯ ಮೇಲೆ ನೆಟ್ಟಗೆ ಕೂತ.

“ಯವ್ವಾ, ಈ ಮನಿಗೆ ಜೋಡಿ ಅಂತ ಏನ ಬಂದ್ರೂ ನನ್ನ ಕಣ್ಣ ಮುಂದ ಹಾದು ಬರಬೇಕು. ನಾಳಿ ನಾನೂ ಬರ್ತೀನಿ.”

“ಇವು ಎತ್ತಲ್ರಿ ಮಾವಾರ.”

“ಭಾರ ಹೊರ್ತಾವಿಲ್ಲೋ?”

“ಹೊರ್ತಾವ್ರಿ.”

“ಎರಡೂ ಕೂಡಿ ಹೊರ್ತಾವಿಲ್ಲೋ?”

“ಹೌದ್ರಿ.”

“ಮತ್ತ?”

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ರಾಯಚೂರಿಗೆ ಹೊರಟರು.

ತೀನ್ ಕಂದೀಲು ವೃತ್ತದಿಂದ ಸ್ವಲ್ಪ ಒಳಗೆ ಅಲ್ಲಾಉದ್ದೀನನ ಕಂಪ್ಯೂಟರ್ ಅಂಗಡಿ. ಗಡಿಗೆಪ್ಪ ಒಳಗೆ ಕಾಲಿಟ್ಟವನೇ ಸಾಮಾನು ನೋಡಲಿಲ್ಲ, ಅಂಗಡಿಯವನ ಮೂಗು ನೋಡಿದ.

“ಯಾರ ಮಗನಪಾ ನೀನು?”

“ಗುಲಾಮ್ ರಸೂಲ್ ಮಗಾರಿ.”

“ಹೌದಲ್ಲೋ! ಅದ ಮೂಗು!” ಗಡಿಗೆಪ್ಪನಿಗೆ ಅರ್ಧ ಜಗತ್ತು ಗೆದ್ದಷ್ಟು ಹಿಗ್ಗಾಯಿತು. ಗುಲಾಮ್ ರಸೂಲ್ ಅದೇ ಸಂತೆಯಲ್ಲಿ ಮೂವತ್ತು ವರ್ಷ ಅವನ ಎದುರಾಳಿ ದಲ್ಲಾಳಿ. ಹಗಲೆಲ್ಲ ಕಚ್ಚಾಡಿ ಸಂಜೆ ಒಂದೇ ಬಂಡಿಯಲ್ಲಿ ಮನೆಗೆ ಬರುತ್ತಿದ್ದರು. ಅಂಥವನ ಮಗ ಮೋಸ ಮಾಡಲಾರ ಅಂತ ಬೇರೆಯವರು ಅಂದುಕೊಂಡಾರು. ಗಡಿಗೆಪ್ಪ ಅಂದುಕೊಂಡದ್ದು, ಅಂಥವನ ಮಗನ ಮೇಲೆ ಎರಡೂ ಕಣ್ಣಿಡಬೇಕು ಅಂತ.

ಅಲ್ಲಾಉದ್ದೀನ ಗಾಜಿನ ಮೇಜಿನ ಮೇಲೆ ಮೂರು ಡಿಸ್ಕು ಇಟ್ಟ. ನೋಡಲು ಮೂರೂ ಒಂದೇ, ಸಣ್ಣ ಇಟ್ಟಿಗೆಯಷ್ಟು, ಎತ್ತಿದರೆ ಕೈ ಜಗ್ಗುವಷ್ಟು ಭಾರ.

“ಇದು ಸಿಸಿ ಕ್ಯಾಮೆರಾದ್ದು ಕಾಕಾ. ಹಗಲೂ ರಾತ್ರಿ ಬರ್ಕೋತ ಹೋಗೋದಷ್ಟ ಇದರ ಕೆಲಸ. ಇದು ಆಫೀಸ್ ಕಂಪ್ಯೂಟರಿಂದು, ದಿನಕ್ಕ ಎಂಟು ತಾಸಿನ ಗಿರಾಕಿ. ಇದು ನ್ಯಾಸಿಂದು. ಬಾಜೂಕ ಇನ್ನೊಂದು ತಿರುಗಿದ್ರ ಆ ನಡುಕ ತಡ್ಕೋತದ, ವರ್ಷಗಟ್ಟಲೆ ಬಂದ್ ಮಾಡದಿದ್ರೂ ನಡೀತದ. ಐದು ವರ್ಷ ವಾರಂಟಿ.”

“ಅಂದ್ರ ಒಂದು ಗಾಣದ್ದು, ಒಂದು ಚಕ್ಕಡಿದು, ಒಂದು ನೇಗಿಲಿಂದು. ನೇಗಿಲಿಂದ ತೆಗಿ.”

ಶೈಲಶ್ರೀ ಮಾತ್ರ ತನ್ನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದಳು. ಪಟ್ಟಿಯ ಮೇಲೆ ಪಟ್ಟಿ ಹಾಯಿಸಿ ಬರೆಯುವ ಜಾತಿಯ ಡಿಸ್ಕು ಇದಲ್ಲ ತಾನೆ ಎಂದು ಕೇಳಿದಳು. ಅಂಥದ್ದು ಅಗ್ಗ, ಆದರೆ ಒಂದು ಸತ್ತು ಹೊಸದನ್ನು ತುಂಬುವಾಗ ಆಮೆಯಾಗುತ್ತದೆ ಅಂತ ಓದಿದ್ದಳು. ಅಲ್ಲ, ಇದು ಬಾಜು ಬಾಜುವಿಗೆ ಬರೆಯುತ್ತದೆ ಎಂದ ಅಲ್ಲಾಉದ್ದೀನ. ಎಂಟು ಟಿಬಿಯಷ್ಟು ಜಾಗದ್ದು ಎರಡು ಮದುವೆ ಹಂಗಾಮಿಗೆ ತುಂಬಿಬಿಡುತ್ತದೆ, ಇಪ್ಪತ್ತರದ್ದು ಕೈಗೆ ಎಟುಕುವುದಿಲ್ಲ. ಕೊಡಬೇಕಾದ ಕಚ್ಚಾ ವಿಡಿಯೋ ಆರು ತಿಂಗಳು, ಹೊಂದಿಸಿದ್ದು ಹತ್ತು ವರ್ಷ ಅಂತ ಲೆಕ್ಕ ಹಿಡಿದರೆ ಹನ್ನೆರಡು ಟಿಬಿ ಸಾಕು ಎಂದು ತೀರ್ಮಾನಿಸಿದಳು. ಗಡಿಗೆಪ್ಪ ಅವಳ ಕಡೆ ನೋಡಿ ತಲೆದೂಗಿದ. ಗಿರಾಕಿ ಅಂದರೆ ಹೀಗಿರಬೇಕು ಅನ್ನಿಸಿತು.

ತಕರಾರು ಬಂದದ್ದು ಆಮೇಲೆ. ಅಲ್ಲಾಉದ್ದೀನ ಒಂದು ಡಿಸ್ಕನ್ನು ಹೊಸದಾಗಿ ಬಂದ ರಟ್ಟಿನ ಪೆಟ್ಟಿಗೆಯಿಂದ ತೆಗೆದ, ಇನ್ನೊಂದನ್ನು ಹಿಂದಿನ ಕಪಾಟಿನಿಂದ ತಂದ. ಬೇರೆ ಕಂಪನಿ, ಬೇರೆ ಬಣ್ಣದ ಚೀಟಿ.

“ಇದೇನು?” ಎಂದ ಗಡಿಗೆಪ್ಪ.

“ಒಂದು ಇದು ಒಯ್ರಿ, ಒಂದು ಅದು ಒಯ್ರಿ ಕಾಕಾ. ಒಂದ ಲಾಟಿಂದು ಎರಡು ಬ್ಯಾಡ್ರಿ. ಒಂದ ದಿನ ಹುಟ್ಟಿದವು, ಒಂದಕ್ಕ ಏನಾಗ್ತದೋ ಇನ್ನೊಂದಕ್ಕೂ ಅದ ಆಗ್ತದ.”

“ನಾನೂ ಹಂಗ ಓದೀನ್ರಿ ಮಾವಾರ,” ಎಂದಳು ಶೈಲಶ್ರೀ.

ಗಡಿಗೆಪ್ಪ ನಕ್ಕ. ನಲವತ್ತೈದು ವರ್ಷದ ಸಂತೆ ಅವನಿಗೆ ಒಂದು ಪಾಠ ಕಲಿಸಿತ್ತು: ಹೊಂದದ ಎರಡು ಎತ್ತನ್ನು ಜೋಡಿಯೆಂದು ಮಾರಲು ಬರುವವನು ಒಂದರ ಐಬನ್ನು ಮುಚ್ಚಲು ಬಂದಿರುತ್ತಾನೆ. ಹಿಂದಿನ ಕಪಾಟಿನಲ್ಲಿ ದೂಳು ತಿನ್ನುತ್ತಿದ್ದ ಮುದಿ ಸರಕನ್ನು ಹೊಸದರ ಕೊರಳಿಗೆ ಕಟ್ಟಿ ಸಾಗಿಸುವ ಹುನ್ನಾರ ಇದು. ಗುಲಾಮ್ ರಸೂಲ್ ಇದನ್ನು ಎಷ್ಟು ಸಲ ಮಾಡಿರಲಿಲ್ಲ!

“ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತ ಕೇಳಿಲ್ಲೇನು ತಮ್ಮಾ? ಜೋಡಿ ಅಂದ್ರ ಜೋಡಿ ಇರಬೇಕು. ಅರಕೇರಾದ ಪಂಪಾಪತಿಗೆ ನಾ ಕಟ್ಟಿ ಕೊಟ್ಟ ಜೋಡಿ ನಿಮ್ಮಪ್ಪ ನೋಡ್ಯಾನ, ಕೇಳು. ಒಂದ ಗೂಳಿ ಸಂತಾನ, ಒಂದ ಕೊಟ್ಟಿಗಿ, ಒಂದ ತಿಂಗಳಾಗ ಹುಟ್ಟಿದವು. ಕೆಂದ ಬಣ್ಣ. ನೊಗಕ್ಕ ಹೂಡಿದ್ರ ಎಡಾ ಯಾವುದು ಬಲಾ ಯಾವುದು ತಿಳೀತಿದ್ದಿಲ್ಲ. ಇಡೀ ಸಂತಿ ನಿಂತು ನೋಡಿತ್ತು!”

ಈ ಕಥೆಯನ್ನು ಶೈಲಶ್ರೀ ಮದುವೆಯಾಗಿ ಬಂದಂದಿನಿಂದ ಕೇಳಿದ್ದಾಳೆ. ಅದು ಯಾವಾಗಲೂ ‘ಇಡೀ ಸಂತೆ ನಿಂತು ನೋಡಿತ್ತು’ ಎಂಬಲ್ಲಿಗೆ ಮುಗಿಯುತ್ತದೆ, ಗಡಿಗೆಪ್ಪನಿಗೆ ಚಹಾ ನೆನಪಾಗುತ್ತದೆ. ಆ ದಿನವೂ ಹಾಗೇ ಆಯಿತು. ಚಹಾ ಬಂತು. ಗಡಿಗೆಪ್ಪ ಹೊಸ ಪೆಟ್ಟಿಗೆಯಿಂದಲೇ ಇನ್ನೊಂದನ್ನು ತೆಗೆಸಿ, ಎರಡರ ಚೀಟಿಯನ್ನೂ ಸೊಸೆಯಿಂದ ಓದಿಸಿದ. ಒಂದೇ ತಿಂಗಳು, ಒಂದೇ ಕಾರ್ಖಾನೆ, ಉದ್ದನೆಯ ನಂಬರಿನಲ್ಲಿ ಕೊನೆಯ ಅಂಕಿ ಮಾತ್ರ ಬೇರೆ. ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ಹಿಂದೆ ಸರಿದು ನಿಂತು ನೋಡಿದ. ಕಣ್ಣು ತಂಪಾಯಿತು.

ಶೈಲಶ್ರೀ ಪ್ರಶ್ನೆಯ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮುದುಕ ತಾನು ಮದುವೆಯಾಗಿ ಬಂದ ಈ ನಾಲ್ಕು ವರ್ಷದಲ್ಲಿ ಇಷ್ಟು ಹುರುಪಾಗಿ ನಿಂತದ್ದನ್ನು ಅವಳು ನೋಡಿರಲಿಲ್ಲ.

ದರದ ಮಾತಿಗೆ ಗಡಿಗೆಪ್ಪ ಹೆಗಲ ಟವೆಲ್ಲನ್ನು ಬಲಗೈ ಮೇಲೆ ಹೊದಿಸಿ ಮುಂದೆ ಚಾಚಿದ. ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ಆಡುತ್ತಾರೆ, ಒಂದು ಬೆರಳಿಗೆ ಒಂದು, ಮುಷ್ಟಿಗೆ ಐದು. ಅಲ್ಲಾಉದ್ದೀನ ಕ್ಷಣ ದಂಗಾದ. ಆಮೇಲೆ ಸುಮ್ಮನೆ ಕೈ ತೂರಿಸಿ, ಅಪ್ಪ ಕಲಿಸಿದ್ದನ್ನು ಮರೆತಿಲ್ಲ ಎಂಬಂತೆ ಬೆರಳು ಹಿಡಿದ. ಮೊದಲ ದರಕ್ಕೆ ಒಪ್ಪುವುದು ಗಡಿಗೆಪ್ಪನ ಜಾತಕದಲ್ಲೇ ಇರಲಿಲ್ಲ, ಒಪ್ಪಲಿಲ್ಲ. ನಾಲ್ಕನೆಯದಕ್ಕೆ ಒಪ್ಪಿದ. ಪಕ್ಕದಲ್ಲಿ ಪ್ರಿಂಟರ್ ಕೊಳ್ಳಲು ಬಂದಿದ್ದವರು ಬಾಯಿ ಬಿಟ್ಟು ನೋಡುತ್ತಿದ್ದರು.

ಡಬ್ಬಿ ಮನೆಗೆ ಬಂತು. ಟಿವಿಯ ಪಕ್ಕದ ಗೂಡಿನಲ್ಲಿ ಕೂತಿತು, ಕರೆಂಟು ಹೋದರೂ ಉಸಿರಾಡಲಿ ಎಂದು ಯುಪಿಎಸ್ ಬಂತು. ಎರಡು ಹಸಿರು ದೀಪ. ಶೈಲಶ್ರೀ ಹಳೆಯ ಡಿಸ್ಕುಗಳನ್ನೆಲ್ಲ ಅದರೊಳಗೆ ಸುರಿದು, ಅವುಗಳಲ್ಲಿ ನಡೆಯುವಂಥವನ್ನು ಅಳಿಸಿ ಮಾರಿಬಿಟ್ಟಳು. ಹೊಸ ಮದುವೆ ಬಂದರೆ ಡಬ್ಬಿಗೆ ಹಾಕಿ, ಎರಡು ಕಡೆ ಇದೆಯಲ್ಲ ಎಂಬ ಧೈರ್ಯದಿಂದ ಕ್ಯಾಮೆರಾದ ಕಾರ್ಡು ಖಾಲಿ ಮಾಡಿ ಮರುದಿನದ ಮದುವೆಗೆ ಕಳಿಸುತ್ತಿದ್ದಳು. ಹೀಗೆ ಹಂಗಾಮು ಸಾಗಿತು. ಮನೆಗೆ ಯಾರೇ ಬರಲಿ, ಗಡಿಗೆಪ್ಪ ಡಬ್ಬಿ ತೋರಿಸಿ, “ಜೋಡಿ ನಾ ಕಟ್ಟೀನಿ,” ಎನ್ನುತ್ತಿದ್ದ. ಬಂದವರು ಏನೂ ತಿಳಿಯದೆ ಹೌದೌದು ಎನ್ನುತ್ತಿದ್ದರು.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಡಬ್ಬಿ ಕೀಂ ಎಂದು ಕೂಗಿತು. ಎಡಗಡೆಯ ದೀಪ ಕೆಂಪಾಗಿತ್ತು. ಮಲ್ಲೇಶ ಪೋತ್ನಾಳಕ್ಕೆ ಮದುವೆಯ ಕೆಲಸಕ್ಕೆ ಹೋಗಿದ್ದ. ಶೈಲಶ್ರೀ ಓಡಿ ಬಂದು ನೋಡಿದಳು, ಕಂಪ್ಯೂಟರಿನಲ್ಲಿ ಏನೇನೋ ತೆರೆದು ಓದಿದಳು, ಆಮೇಲೆ ಉಸಿರು ಬಿಟ್ಟಳು.

“ಒಂದು ಹೋಗ್ಯದ್ರಿ ಮಾವಾರ. ಗಾಬರಿ ಇಲ್ಲ. ಇದಕ್ಕಂತನ ಎರಡು ಹಾಕಿದ್ವಿ. ಬಲಗಡಿದು ಹಸಿರದ. ವಾರಂಟಿಗೆ ಕಳಿಸ್ತೀನಿ, ಹದಿನೈದು ದಿನಕ್ಕ ಹೊಸದು ಬರ್ತದ.”

ಗಡಿಗೆಪ್ಪನಿಗೆ ಗಾಬರಿ ಇತ್ತು. ಸತ್ತ ಡಿಸ್ಕನ್ನು ಹೊರಗೆಳೆದು ಅವಳು ಮೇಜಿನ ಮೇಲಿಟ್ಟಾಗ ಅವನು ಅದರ ಚೀಟಿಯನ್ನೇ ನೋಡುತ್ತ ನಿಂತ. ಒಂದೇ ತಿಂಗಳು, ಒಂದೇ ಕಾರ್ಖಾನೆ. ಕುರ್ಚಿ ಎಳೆದುಕೊಂಡು ಕೂತ.

“ಇದರಾಗ ಇನ್ನೂ ಕೊಡದಿದ್ದ ಮದುವಿ ಎಷ್ಟದಾವು?”

“ಹನ್ನೊಂದರಿ.”

“ಯಾರ್ಯಾರದು?”

ಶೈಲಶ್ರೀ ಪಟ್ಟಿ ಓದಿದಳು. ಮೊದಲನೆಯ ಹೆಸರೇ ಅರಕೇರಾದ ಪಂಪಾಪತಿಯ ಮೊಮ್ಮಗಳದು. ಏಪ್ರಿಲ್ ಕೊನೆಗೆ ಆದ ಮದುವೆ. ಮಲ್ಲೇಶನೇ ಹೋಗಿದ್ದ, ಮುದುಕರು ಯಾಕೆ ಬರಲಿಲ್ಲ ಅಂತ ಅವರು ಕೇಳಿದ್ದರೆಂದು ಬಂದು ಹೇಳಿದ್ದ. ಗಡಿಗೆಪ್ಪ ಆಗ ಮೊಣಕಾಲು ನೋವಿನ ಮಾತು ತೆಗೆದಿದ್ದ. ಅವನ ಮೊಣಕಾಲು ಅರಕೇರಾದ ಹೆಸರು ಕೇಳಿದಾಗ ಮಾತ್ರ ನೋಯುತ್ತಿತ್ತು.

“ಯವ್ವಾ ಶೈಲಾ, ಹದಿನೈದು ದಿನ ಬ್ಯಾಡ. ಹದಿನೈದು ತಾಸೂ ಬ್ಯಾಡ. ಆ ಇನ್ನೊಂದೂ ಬೀಳ್ತದ.”

“ಹಸಿರದಲ್ರಿ?”

“ಅದೂ ಹಸಿರಾಗೇ ನಿಂತಿತ್ತು,” ಎಂದ ಗಡಿಗೆಪ್ಪ. ಆಮೇಲೆ ಅರಕೇರಾದ ಕೆಂದೆತ್ತಿನ ಕಥೆಯ ಉಳಿದ ಅರ್ಧವನ್ನು, ನಲವತ್ತು ವರ್ಷದಲ್ಲಿ ಮೊದಲ ಸಲ, ತನ್ನ ಸೊಸೆಯ ಮುಂದೆ ಹೇಳಿದ.

ಇಡೀ ಸಂತೆ ನಿಂತು ನೋಡಿದ್ದು ನಿಜ. ಪಂಪಾಪತಿ ಕುಣಿಯುತ್ತ ಹೊಡೆದುಕೊಂಡು ಹೋದದ್ದೂ ನಿಜ. ಹಿಂಗಾರಿ ಬಿತ್ತನೆಯ ವಾರ, ಎರೆ ಭೂಮಿ ಹದಕ್ಕೆ ಬಂದಿತ್ತು. ಸೋಮವಾರ ಒಂದು ಎತ್ತು ಹಿಂಗಾಲು ಎಳೆದು ಬಿತ್ತು. ಒಂದು ಬಿದ್ದರೇನು, ಇನ್ನೊಂದಕ್ಕೆ ಯಾರದಾದರೂ ಎತ್ತು ಕೂಡಿಸಿ ಬಿತ್ತಿಕೊಳ್ಳೋಣ ಎಂದು ಪಂಪಾಪತಿ ಕಾದ. ಗುರುವಾರ ಅದೂ ಅದೇ ಕಾಲು ಎಳೆದು ಬಿತ್ತು. ಒಂದೇ ಗೂಳಿಯ ಐಬು ಎರಡರ ಕಾಲಿನಲ್ಲೂ ಇತ್ತು. ಹದ ಆರಿತು, ಆ ವರ್ಷದ ಜೋಳ ತಪ್ಪಿತು. ಸುದ್ದಿ ಸಂತೆಗೆ ಬಂದಾಗ ಗಡಿಗೆಪ್ಪ, “ಬ್ಯಾನಿ ಬಂದದ, ಯಾರೇನು ಮಾಡಾಕಾಗ್ತದ,” ಎಂದುಬಿಟ್ಟ. ಜನ ನಂಬಿದರು. ಅವನು ಆ ದಿನದಿಂದ ಅರಕೇರಾದ ದಾರಿ ತುಳಿಯಲಿಲ್ಲ.

“ಗುಲಾಮ್ ರಸೂಲನ ಮಗ ಅವತ್ತ ಖರೇನ ಹೇಳ್ದ. ನೀನೂ ಹೇಳ್ದಿ. ನನಗ ಗೊತ್ತಿತ್ತು ಶೈಲಾ. ಗೊತ್ತಿದ್ದೂ ಜಿದ್ದು ಮಾಡಿದೆ. ತಪ್ಪು ನಂದು. ಅದ ಮನುಷ್ಯಾಗ ಎರಡನೇ ಸಲ ಅದ ತಪ್ಪು ಮಾಡೀನಿ.”

ಸೊಸೆ ಎದುರು ಕಣ್ಣು ತುಂಬಿಕೊಳ್ಳುವುದು ಅವನಿಗೆ ನಾಚಿಕೆಯ ವಿಷಯ. ತುಂಬಿಕೊಂಡವು, ಏನು ಮಾಡುವುದು.

ಶೈಲಶ್ರೀ ಸಮಾಧಾನದ ಮಾತು ಹುಡುಕುತ್ತ ಕೂರಲಿಲ್ಲ. ಫೋನು ತೆಗೆದು ಅಲ್ಲಾಉದ್ದೀನನಿಗೆ ಹಚ್ಚಿದಳು. ಅವನು ಹೇಳುವುದು ಮಾವನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು. ಅದೇ ಪೆಟ್ಟಿಗೆಯಿಂದ ಲಿಂಗಸುಗೂರಿನವರೊಬ್ಬರು ಒಯ್ದ ಎರಡೂ ಡಿಸ್ಕು ಹೋದ ವಾರ ನಾಲ್ಕು ದಿನದ ಅಂತರದಲ್ಲಿ ಹೋಗಿದ್ದವು.

“ನನ್ನ ಹತ್ರ ಈಗ ದೊಡ್ಡದು ಒಂದೂ ಇಲ್ಲವ್ವಾ,” ಎಂದ ಅಲ್ಲಾಉದ್ದೀನ. “ಆದ್ರ ಮಾನ್ವಿಯಾಗ ರೈಸ್ ಮಿಲ್ ವಿಜಯಲಕ್ಷ್ಮಿಯವರು ಮನಿಗಂತ ಎರಡು ಒಯ್ದಾರ, ಡಬ್ಬಿ ಇನ್ನೂ ಬಂದಿಲ್ಲ, ಸೀಲ್ ಒಡದಿಲ್ಲ. ನಾ ಫೋನ್ ಮಾಡ್ತೀನಿ, ಒಂದು ಕೊಡ್ತಾರ. ಅವರಿಗೆ ನಾ ಬ್ಯಾರೆ ತರಸಿ ಕೊಡ್ತೀನಿ. ಅಲ್ಲೀತನಕ ಆ ಡಬ್ಬಿ ತಂಪಿರಲಿ.”

“ನಾ ಹೋಗ್ತೀನಿ. ನೀ ಡಬ್ಬಿ ಬಿಟ್ಟು ಕದಲಬ್ಯಾಡ,” ಎಂದು ಗಡಿಗೆಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ. ಹೋಗುವ ಮುಂಚೆ ಪಡಸಾಲೆಯ ಕೂಲರನ್ನು ಎಳೆದು ಡಬ್ಬಿ ಇದ್ದ ಕೋಣೆಯ ಬಾಗಿಲಿಗೆ ತಿರುಗಿಸಿಟ್ಟ.

ಸಿರವಾರದ ಮೇಲೆ ಮಾನ್ವಿಗೆ ಬಸ್ಸು. ಬಿಸಿಲು ಬಸ್ಸಿನ ತಗಡನ್ನು ಕಾಯಿಸುತ್ತಿತ್ತು. ವಿಜಯಲಕ್ಷ್ಮಿ ಮಿಲ್ಲಿನ ಆಫೀಸಿನಲ್ಲಿ ಎರಡೂ ಡಿಸ್ಕನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದಳು. ಒಂದೊಂದು ಒಂದೊಂದು ಕಂಪನಿಯದು. ನೋಡಿದರೆ ಜೋಡಿಯೇ ಅಲ್ಲ.

“ಅಲ್ಲಾಉದ್ದೀನ್ ಅವರು ಬ್ಯಾರೆ ಬ್ಯಾರೆ ಒಯ್ರಿ ಅಂದ್ರು, ಒಯ್ದೆ. ಅವರ ಕಸುಬು ಅವರಿಗೆ ಗೊತ್ತಿರ್ತದಲ್ರಿ. ನಿಮಗ ಯಾವುದು ಬೇಕು?”

ಆ ಮಾತು ಗಡಿಗೆಪ್ಪನಿಗೆ ಚುಚ್ಚಿದ್ದು ಅವಳಿಗೆ ತಿಳಿಯಲಿಲ್ಲ. ಅವನು ಎರಡರ ಚೀಟಿಯನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ, “ನಮ್ಮದಕ್ಕ ಹೋಲದಿದ್ದದ್ದು ಕೊಡವ್ವಾ,” ಎಂದ. ಜನ್ಮದಲ್ಲಿ ಅವನು ಹೀಗೆ ಕೇಳಿದ್ದು ಅದೇ ಮೊದಲು.

ಬರುವಾಗ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ. ಬಸ್ಸು ಕುಲುಕಿದಾಗೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿದ. ಪಕ್ಕದ ಹೆಂಗಸು ಏನ್ರಿ ಅದು, ಕೂಸಾ ಎಂದು ಕೇಳಿ ನಕ್ಕಳು. “ಹನ್ನೊಂದು ಮದುವಿ ಉಳಿಸೂದದವ್ವಾ ಇದು,” ಎಂದು ಗಡಿಗೆಪ್ಪ ಗಂಭೀರವಾಗಿ ಹೇಳಿದ. ಅವಳು ಸೀಟಿನ ತುದಿಗೆ ಸರಿದು ಕೂತಳು.

ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಶೈಲಶ್ರೀ ಹೊಸ ಡಿಸ್ಕನ್ನು ಡಬ್ಬಿಗೆ ತೂರಿಸಲು ಹೋದವಳು ನಿಂತಳು. ಡಬ್ಬಿಯೊಳಗೆ ಹಾಕಿದರೆ ಅದು ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ತುಂಬುತ್ತ ಹೋಗುತ್ತದೆ; ನಡುವೆ ಹಳೆಯದು ಬಿದ್ದರೆ ಯಾವುದು ಉಳಿಯಿತು ಯಾವುದು ಹೋಯಿತು ಹೇಳಲು ಬರುವುದಿಲ್ಲ. ಹೊರಗೆ ತನ್ನ ಕಂಪ್ಯೂಟರಿಗೆ ಕಟ್ಟಿ ಒಂದೊಂದೇ ಮದುವೆಯನ್ನು ತಾನೇ ಕೈಯಿಂದ ದಾಟಿಸಿದರೆ, ಬೇಕಾದದ್ದನ್ನು ಮೊದಲು ಉಳಿಸಬಹುದು.

“ಯಾವುದು ಮೊದಲು ದಾಟಸ್ಲಿ ಮಾವಾರ?”

“ಹೊಳಿ ಬಂದಾಗ ಎಳೀ ಕರ ಮೊದಲು ದಾಟಸ್ತಾರ. ಕೊಡದಿದ್ದ ಹನ್ನೊಂದು ಮೊದಲು. ಅದರಾಗೂ ಅರಕೇರಾದ್ದು ಮೊದಲು.”

ನಲವತ್ತು ನಿಮಿಷಕ್ಕೆ ಪಂಪಾಪತಿಯ ಮೊಮ್ಮಗಳು ದಾಟಿದಳು. ಗಡಿಗೆಪ್ಪ ಡಬ್ಬಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಅದರ ಬೆನ್ನ ಮೇಲೆ ಅಂಗೈ ಇಟ್ಟಿದ್ದ. ಒಳಗಿನ ನಡುಕದಲ್ಲಿ ಏನಾದರೂ ತಾಳ ತಪ್ಪಿತೇ ಅಂತ ಎತ್ತಿನ ಪಕ್ಕೆ ಮುಟ್ಟಿ ನೋಡುವ ಹಾಗೆ ನೋಡುತ್ತಿದ್ದ. ಬಿಸಿ ಏರಿದೆ ಎನ್ನಿಸಿದರೆ ಕೂಲರಿಗೆ ನೀರು ಸುರಿಯುತ್ತಿದ್ದ. ರಾತ್ರಿ ಊಟದ ಹೊತ್ತಿಗೆ ಹನ್ನೊಂದೂ ದಾಟಿದವು. ಆಗ ಗಡಿಗೆಪ್ಪ ಎದ್ದು ಮುಖ ತೊಳೆದು ವಿಭೂತಿ ಹಚ್ಚಿಕೊಂಡ, ಎರಡು ರೊಟ್ಟಿ ಕೇಳಿ ತಿಂದ. ಉಳಿದವು, ಹಳೆಯ ವರ್ಷಗಳ ಮದುವೆಗಳೆಲ್ಲ ಸಾಲುಗಟ್ಟಿ ದಾಟಿ ಮುಗಿದಾಗ ಮರುದಿನ ಹನ್ನೊಂದು ಗಂಟೆ.

ಇನ್ನೊಂದು ಡಿಸ್ಕು ಗುರುವಾರವೇ ಬಿತ್ತು ಎಂದರೆ ಕಥೆ ಚೆನ್ನಾಗಿರುತ್ತಿತ್ತು. ಅದು ಬಿದ್ದದ್ದು ಶನಿವಾರ. ಶೈಲಶ್ರೀ ಕೆಂಪು ದೀಪ ನೋಡಿ, ಮಾವನನ್ನು ಕರೆದು ತೋರಿಸಿದಳು. ಅವನ ಕೈಗೆ ಒಂದು ಲೋಟ ಚಹಾ ಕೊಟ್ಟು ನಕ್ಕಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಇಷ್ಟು ಹಗುರಾಗಿ ಅವಳು ಯಾವತ್ತೂ ನಕ್ಕಿರಲಿಲ್ಲ.

ಮುಂದಿನ ವಾರ ಮತ್ತೆ ರಾಯಚೂರು. ಅಲ್ಲಾಉದ್ದೀನ ಏನೂ ಕೇಳದೆ ಎರಡು ಬೇರೆ ಬೇರೆ ಡಿಸ್ಕು ತೆಗೆದಿಟ್ಟ. ಗಡಿಗೆಪ್ಪ, “ನಿಮ್ಮಪ್ಪಗ ಮೋಸಗಾರ ಅಂತಿದ್ದೆ. ಅವನೂ ಕೆಲವು ಸಲ ಖರೇ ಹೇಳ್ತಿದ್ದ ಕಾಣಸ್ತದ,” ಎಂದ. ಅವನ ಬಾಯಿಂದ ಕ್ಷಮೆ ಎಂಬುದು ಬಂದರೆ ಇಷ್ಟೇ ಬರುವುದು. ಆಮೇಲೆ ತಾನೇ ಮುಂದಾಗಿ ಹೇಳಿದ:

“ಶೈಲಾ, ಇನ್ನೂ ಒಂದು ಬೇಕು. ಕಾಲುಬಾಯಿ ಬ್ಯಾನಿ ಬಂದಾಗ ದನ ಎಲ್ಲಾ ಒಂದ ಕೊಟ್ಟಿಗ್ಯಾಗ ಕಟ್ಟತಿದ್ದಿಲ್ಲ ನಾವು. ಅರ್ಧ ಬ್ಯಾರೆ ಊರಿಗೆ ಹೊಡೀತಿದ್ವಿ. ನಮ್ಮ ಮನಿಗೆ ಸಿಡಿಲು ಬಡದ್ರ ಎರಡು ಇದ್ರೇನು, ನಾಲ್ಕು ಇದ್ರೇನು?”

ಅಲ್ಲಾಉದ್ದೀನ ಮೇಜು ಬಡಿದು, “ಇದನ್ನ ಹೇಳಿ ಹೇಳಿ ನನ್ನ ಗಂಟಲು ಹರದದ ಕಾಕಾ! ಒಬ್ಬ ಗಿರಾಕಿನೂ ಕೇಳಂಗಿಲ್ಲ,” ಎಂದ.

ಮಾನ್ವಿಯ ಡಿಸ್ಕು ಈಗಾಗಲೇ ತುಂಬಿತ್ತು. ಹೊರಗಿನ ಊರಿಗೆ ಹೋಗುವುದು ಅದೇ ಎಂದಾಯಿತು. “ಯಾರ ಮನಿಯಾಗ ಇಡೂಣ್ರಿ?” ಎಂದು ಶೈಲಶ್ರೀ ಕೇಳಿದಳು, ಉತ್ತರ ಗೊತ್ತಿದ್ದೇ ಕೇಳಿದಳು.

ಅರಕೇರಾದಲ್ಲಿ ಪಂಪಾಪತಿ ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ಹಲ್ಲು ಹೋಗಿದ್ದವು, ಕಣ್ಣು ಚುರುಕಾಗಿಯೇ ಇದ್ದವು. ಬಂದವನನ್ನು ನೋಡಿ, “ಯಾರು, ಗಡಿಗೆಪ್ಪ ಏನು? ನಾ ನೀ ಸತ್ತಿ ಅಂತ ಮಾಡಿದ್ದೆ,” ಎಂದ. ಗಡಿಗೆಪ್ಪ ಕಟ್ಟೆಯ ಮೇಲೆ ಕೂತ. ಮೊಮ್ಮಗಳ ಮದುವೆಯ ಪೆನ್‌ಡ್ರೈವು ಕೊಟ್ಟ. ಟವೆಲ್ಲಿನಲ್ಲಿ ಸುತ್ತಿದ್ದ ಡಿಸ್ಕನ್ನು ಮುಂದಿಟ್ಟು, ಇದು ಏನು, ಯಾಕೆ ತಂದೆ ಎಂದು ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ಚಹಾ ಕೇಳಬಹುದಿತ್ತು. ನಿಲ್ಲಿಸಲಿಲ್ಲ. ಕೆಂದೆತ್ತಿನ ಜೋಡಿಯ ಮಾತನ್ನೂ ಆಡಿ ಮುಗಿಸಿದ.

ಪಂಪಾಪತಿ ಹೊಸೆಯುವುದನ್ನು ಬಿಡಲಿಲ್ಲ. “ನನಗ ಅವತ್ತ ಗೊತ್ತಿತ್ತಲ್ಲೋ. ಅವನ್ನ ಹುಟ್ಟಿಸಿದ ಆ ಮಸರಕಲ್ಲಿನ ಗೂಳಿ ನಾನೂ ನೋಡಿದ್ದೆ. ಅದೂ ಹಿಂಗಾಲು ಎಳೀತಿತ್ತು. ಜೋಡಿ ಚಂದಕ್ಕ ಕಣ್ಣು ಕುಕ್ಕಿ ನಾನೂ ತಗೊಂಡೆ, ನೀನೂ ಕೊಟ್ಟಿ.”

“ಮತ್ತ ಹೇಳಬಾರದಿತ್ತೇನು?”

“ಹೇಳಾಕ ನೀ ಬಂದ್ರ ತಾನ?” ಎಂದ ಪಂಪಾಪತಿ. “ಒಂದು ಎದ್ದು ನಿಂತಿತು, ಗೊತ್ತದೇನು ನಿನಗ? ಬನ್ನಿ ಹಬ್ಬ ಮುಗದ ಮ್ಯಾಗ ಎದ್ದಿತು. ಮಾನ್ವಿ ಸಂತ್ಯಾಗ ಕೋಡು ಮುರಿದ ಕರೀ ಎತ್ತೊಂದು ಯಾರಿಗೂ ಬ್ಯಾಡಾಗಿತ್ತು. ತಂದು ಕೂಡಿಸಿದೆ. ಒಂದು ಕೆಂದ, ಒಂದು ಕರಿ, ಒಂದು ಎತ್ತರ, ಒಂದು ಗಿಡ್ಡ. ಊರು ನಕ್ಕಿತು. ಹನ್ನೊಂದು ವರ್ಷ ದುಡದ್ವು ಗಡಿಗೆಪ್ಪ. ಒಂದಕ್ಕ ಜ್ವರ ಬಂದ್ರ ಇನ್ನೊಂದು ನಿಲ್ತಿತ್ತು. ಎರಡೂ ಒಂದ ದಿನ ಒಮ್ಮಿನೂ ಮಲಗಲಿಲ್ಲ. ನೀ ಒಂದ ಸಲ ಬಂದು ನೋಡಿದ್ರ ಸಾಕಿತ್ತು.”

ಗಡಿಗೆಪ್ಪನಿಗೆ ಈಗ ಹೊಳೆಯಿತು. ತಾನು ಕಟ್ಟಿದ ಜೋಡಿಗಳಿಗಿಂತ ಹೆಚ್ಚು ಬಾಳಿಕೆ ಬಂದದ್ದು ತಾನು ಕಟ್ಟದ ಜೋಡಿ. ಅದನ್ನು ನೋಡಲು ನಲವತ್ತು ವರ್ಷದಲ್ಲಿ ಒಂದು ಬಸ್ಸು ಹತ್ತಲಿಲ್ಲ. ಹತ್ತಿದ್ದರೆ ರಾಯಚೂರಿನ ಅಂಗಡಿಯಲ್ಲಿ ಜಿದ್ದು ಮಾಡುತ್ತಿರಲಿಲ್ಲ. ಅವನಿಗೆ ಆದ ನಾಚಿಕೆ ಎತ್ತಿಗಾಗಿ ಆಗಿರಲಿಲ್ಲ, ಡಿಸ್ಕಿಗಾಗಿಯೂ ಆಗಿರಲಿಲ್ಲ. ಬಾರದೆ ಉಳಿದದ್ದಕ್ಕಾಗಿ ಆಗಿತ್ತು.

ಪಂಪಾಪತಿ ಡಿಸ್ಕನ್ನು ಎತ್ತಿ ತೂಗಿ ನೋಡಿದ. “ಟ್ರಂಕಿನಾಗ ಇಡ್ತೀನಿ, ಮಗಳ ಪತ್ತಲ ಸೀರಿ ನಡುವ. ಆದ್ರ ಪುಕ್ಕಟ ಅಲ್ಲ. ಬಾಡಿಗಿ ಬೇಕು.”

ಗಡಿಗೆಪ್ಪನೊಳಗಿನ ದಲ್ಲಾಳಿ ಆ ಮಾತಿಗೆ ತಟ್ಟನೆ ಎದ್ದು ಕೂತ. ಟವೆಲ್ಲನ್ನು ಕೈ ಮೇಲೆ ಹೊದಿಸಿ ಚಾಚಿದ. ಪಂಪಾಪತಿ ಹಗ್ಗ ಕೆಳಗಿಟ್ಟು, ಬಟ್ಟೆಯ ಕೆಳಗೆ ಕೈ ತೂರಿಸಿ, ಅವನ ನಾಲ್ಕು ಬೆರಳನ್ನು ಒಂದೊಂದಾಗಿ ಮಡಿಸಿ, ಉಳಿದ ಒಂದನ್ನು ಬಿಗಿಯಾಗಿ ಹಿಡಿದ.

“ಒಂದು ಏನು?” ಎಂದ ಗಡಿಗೆಪ್ಪ.

“ತಿಂಗಳಿಗೆ ಒಂದ ಸಲ. ಅಮಾಸಿಗೆ. ಇದನ್ನ ಒಯ್ದು ಹೊಸಾದು ತುಂಬಿ ತರಬೇಕು, ನೀನ ತರಬೇಕು, ಮಗನ್ನ ಕಳಿಸೂದಲ್ಲ. ಬಂದು ಇಲ್ಲಿ ಕೂತು ಉಂಡು ಹೋಗಬೇಕು.”

ಗಡಿಗೆಪ್ಪ ದರ ಕೇಳಿ ಹಿಂದೆ ಸರಿದು, ಮುಖ ಸಿಂಡರಿಸಿ, ಎರಡು ಸಲ ಎದ್ದು ಹೋದಂತೆ ಮಾಡಿ, ಮೂರನೆಯ ಸಲಕ್ಕೆ ಮಾತು ಮುಗಿಸುವ ಮನುಷ್ಯ. ಆವತ್ತು ಕೈ ಬಿಡಿಸಿಕೊಳ್ಳಲಿಲ್ಲ. ಮೊದಲ ದರಕ್ಕೇ ಒಪ್ಪಿಬಿಟ್ಟ.